ಮೂವತ್ತೆಂಟು ಸಾವಿರದ ಓವರ್‌ಲಾಕ್

ಮೂವತ್ತೆಂಟು ಸಾವಿರ! ಅಂಗಡಿಯಲ್ಲಿ ಹೊಸದೇ ಇಪ್ಪತ್ತೇಳಕ್ಕೆ ಸಿಗುವ ಮಷೀನು. ಅದನ್ನು ಐದು ವರ್ಷ ಓಡಿಸಿ ಮೂಲೆಗೆ ತಳ್ಳಿದ ಮೇಲೆ ಮೂವತ್ತೆಂಟು ಸಾವಿರ! ಫೋನಿನಲ್ಲಿ ಆ ಜಾಹೀರಾತು ನೋಡಿದ ಕೂಡಲೇ ನನ್ನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಸೀದಾ ಬರೆದುಬಿಟ್ಟೆ: ‘ಈ ರೇಟಿಗೆ ಮಷೀನ್ ಜತೆ ನಿಮ್ಮ ಮನೇನೂ ಬರುತ್ತಾ?’

ಎರಡೇ ನಿಮಿಷ. ಆ ಪುಣ್ಯಾತ್ಮ ನನ್ನನ್ನು ಬ್ಲಾಕ್ ಮಾಡಿದ.

ನನ್ನ ಹೆಸರು ಶಾಂತಿ. ಯಾರು ಇಟ್ಟರೋ ಈ ಹೆಸರು, ಹೊಸದುರ್ಗದಲ್ಲಿ ನನ್ನನ್ನು ಬಲ್ಲವರೆಲ್ಲ ನಗುತ್ತಾರೆ. ಬಸ್‌ಸ್ಟ್ಯಾಂಡಿನ ಹಿಂದೆ ಹತ್ತಡಿ ಅಗಲದ ಲೇಡೀಸ್ ಟೈಲರ್ ಅಂಗಡಿ ನನ್ನದು. ಹದಿನೇಳು ವರ್ಷದಿಂದ ಬ್ಲೌಸು ಹೊಲಿದೂ ಹೊಲಿದೂ ಕೊನೆಗೊಮ್ಮೆ ದೊಡ್ಡ ಆರ್ಡರು ಬಾಗಿಲಿಗೆ ಬಂದಿತ್ತು. ಹೊಳಲ್ಕೆರೆಯ ಒಂದು ಸ್ಕೂಲಿನವರು ಇನ್ನೂರ ನಲವತ್ತು ಮಕ್ಕಳ ಯೂನಿಫಾರಂ ಕೊಡುತ್ತೇವೆ ಎಂದಿದ್ದರು. ಗುರುವಾರ ಸ್ಯಾಂಪಲ್ ಅಂಗಿ ಒಯ್ದೆ. ಅಲ್ಲಿನ ಮೇಡಂ ಅಂಗಿಯನ್ನು ಒಳಹೊರಗೆ ಮಗುಚಿ, ಹೊಲಿಗೆಯ ಅಂಚನ್ನು ಉಗುರಿನಿಂದ ಕೆರೆದರು. ಎಳೆ ಎದ್ದು ಬಂತು.

“ಓವರ್‌ಲಾಕ್ ಮಾಡಿಲ್ಲ. ಇದು ಮೂರು ತಿಂಗಳು ಬಾಳಲ್ಲ. ಸೋಮವಾರ ಸರಿಯಾದ ಸ್ಯಾಂಪಲ್ ತನ್ನಿ, ಇಲ್ಲಾಂದ್ರೆ ಚಿತ್ರದುರ್ಗದವರಿಗೆ ಕೊಟ್ಬಿಡ್ತೀವಿ” ಎಂದರು.

ಬಟ್ಟೆಯ ಅಂಚನ್ನು ಕತ್ತರಿಸುತ್ತಲೇ ದಾರ ಸುತ್ತಿ ಬಿಗಿಯುವ ಮಷೀನೇ ಓವರ್‌ಲಾಕ್. ನಮ್ಮೂರಿನಲ್ಲಿ ಅದು ಇರುವುದು ಇಬ್ಬರ ಹತ್ತಿರ. ಸ್ಕೂಲು ಶುರುವಾಗುವ ಹೊತ್ತಿನಲ್ಲಿ ಅವರಿಗೇ ಉಸಿರಾಡಲು ಪುರುಸೊತ್ತಿಲ್ಲ, ಇನ್ನೂರ ನಲವತ್ತು ಅಂಗಿ ಯಾರು ಮಾಡಿಕೊಡುತ್ತಾರೆ? ನನ್ನ ಹತ್ತಿರ ಇದ್ದದ್ದು ಹದಿನಾಲ್ಕು ಸಾವಿರ. ಸೆಕೆಂಡ್ ಹ್ಯಾಂಡ್ ಹುಡುಕಿದೆ. ಏನು ರೇಟುಗಳಪ್ಪ ಅವು! ಹೊಳಲ್ಕೆರೆಯವನೊಬ್ಬ ಮೋಟಾರೇ ಇಲ್ಲದ ಬರೀ ಮಷೀನಿನ ತಲೆಗೆ ಮೂವತ್ತೊಂದು ಎಂದು ಹಾಕಿದ್ದ. ಅದನ್ನು ನೋಡಿ ಚಿತ್ರದುರ್ಗದವನು ಮೂವತ್ತೈದು ಎಂದಿದ್ದ. ಫೋಟೋದಲ್ಲಿ ಮಷೀನಿಗೆ ಆಯುಧಪೂಜೆಯ ಹೂವು ಇನ್ನೂ ಇತ್ತು, ಒಣಗಿ ಕರ್ರಗಾಗಿತ್ತು. ಒಬ್ಬನ ರೇಟು ನೋಡಿ ಇನ್ನೊಬ್ಬ ಏರಿಸಿದ್ದೇ ಹೊರತು ಒಂದೂ ಮಾರಾಟವಾಗಿರಲಿಲ್ಲ. ಎಲ್ಲರಿಗಿಂತ ಮೇಲೆ ಕುಳಿತಿದ್ದವರು ಹಿರಿಯೂರಿನ ನಾಗರಾಜಪ್ಪ. ‘ನಾಲ್ಕು ದಾರದ ಓವರ್‌ಲಾಕ್, ಮೋಟಾರ್ ಟೇಬಲ್ ಸಮೇತ, ಒಬ್ಬರೇ ಓಡಿಸಿದ್ದು. 38,000. ಫಿಕ್ಸೆಡ್. ಲಾಸ್ಟ್ ಪ್ರೈಸ್ ಕೇಳುವವರು ಫೋನ್ ಮಾಡಬೇಡಿ.’ ಹಾಳಾದ್ದು, ಸರಿಯಾದ ಕಂಡೀಷನ್ನಿನಲ್ಲಿ ಇದ್ದದ್ದೂ ಅದೊಂದೇ.

ಸಿಟ್ಟಿನಲ್ಲಿ ಫೋನನ್ನು ಅಪ್ಪನ ಮುಂದೆ ಹಿಡಿದೆ. ನಮ್ಮಪ್ಪ ಕಾಟಪ್ಪ, ಎಪ್ಪತ್ತನಾಲ್ಕು ವರ್ಷ. ನಲವತ್ತು ವರ್ಷ ದನದ ಸಂತೆಗಳಲ್ಲಿ ದಲ್ಲಾಳಿ. ಈಗ ಎತ್ತು ಕಟ್ಟುವವರೇ ಕಡಿಮೆಯಾಗಿ, ಆರು ವರ್ಷದಿಂದ ನನ್ನ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಅಪ್ಪ ಫೋನನ್ನು ದೂರ ಹಿಡಿದು ಓದಿ ನಕ್ಕುಬಿಟ್ಟರು.

“ಲೇ ಶಾಂತಿ, ಇದು ರೇಟಲ್ಲ ಕಣೇ. ಇದು ಕೂಗು.”

“ಕೂಗು ಅಂದ್ರೆ?”

“ಸಂತೇಲಿ ಕುಂಟ ಎತ್ತಿಗೂ ಲಕ್ಷ ಅಂತ ಕೂಗ್ತಾರೆ. ಕೂಗಿದಷ್ಟು ಯಾರು ಕೊಡ್ತಾರೆ? ಟವಲ್ ಕೆಳಗೆ ಕೈಗೆ ಕೈ ಸೇರಿ ಏನಾಗ್ತೈತೋ ಅದು ರೇಟು. ಈ ಫೋನ್ನಾಗೆ ಕೂಗು ಐತೆ, ಟವಲ್ ಇಲ್ಲ. ಅದಕ್ಕೇ ಯಾವುದೂ ಮಾರಾಟ ಆಗಿಲ್ಲ.”

“ಈಗ ಏನ್ ಮಾಡಾಣ?”

ಅಪ್ಪ ಆಗಲೇ ಎದ್ದು ನಿಂತಿದ್ದರು. “ಹೋಗಾಣ ನಡಿ.”

ಶನಿವಾರ ಬೆಳಿಗ್ಗೆ ನನ್ನ ತಮ್ಮ ವಿನೋದನ ಲಗೇಜ್ ಆಟೋದಲ್ಲಿ ಮೂವರೂ ಹೊರಟೆವು. ವಿನೋದನೇ ತನ್ನ ಫೋನಿನಿಂದ ಮಾತಾಡಿ ವಿಳಾಸ ಕೇಳಿಕೊಂಡಿದ್ದ. ಮುಂದಿನ ಸೀಟಿನಲ್ಲಿ ನಾನು ನಡುವೆ ಇರುಕಿಕೊಂಡು ಕೂತಿದ್ದೆ. ಮಾರಿಕಣಿವೆ ಬಂದಾಗ ಅಪ್ಪ ಕೂತಲ್ಲೇ ಮಾರಮ್ಮನಿಗೆ ಕೈಮುಗಿದರು. ಆಮೇಲೆ ಹಿರಿಯೂರು ಬರುವತನಕ ನನಗೆ ಪಾಠ.

“ಮಷೀನ್ ಕಡೆ ನೋಡಬ್ಯಾಡ. ಕ್ಯಾಲೆಂಡರ್ ನೋಡು. ಮನೆ ಚೆನ್ನಾಗೈತೆ ಅನ್ನು, ಕಾಫಿ ಚೆನ್ನಾಗೈತೆ ಅನ್ನು, ಮಷೀನ್ ಬಗ್ಗೆ ಮಾತ್ರ ಉಸಿರೆತ್ತಬ್ಯಾಡ. ಆಮೇಲೆ ಇನ್ನೊಂದು, ಅಂಗಡಿ ಹೆಸರು ಹಾಕಿ ಆ ಮೆಸೇಜ್ ಕಳಿಸಿದವಳು ನೀನೇ ಅಂತ ಗೊತ್ತಾದ್ರೆ ಮುಗೀತು. ನೀನು ಅನುಪಮಾ.”

“ಅನುಪಮಾನಾ? ಈ ಬಾಯಿಗೆ?” ವಿನೋದ ಸ್ಟೇರಿಂಗ್ ಬಡಿದು ನಕ್ಕ. ಅವನ ಮೊಳಕೈಯನ್ನು ಚಿವುಟಿದೆ.

ನಾಗರಾಜಪ್ಪನವರು ಹಿಂದೆ ಶೇಂಗಾ ವ್ಯಾಪಾರ ಮಾಡಿದವರು. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಗಂಭೀರವಾದ ಮುಖ. “ಬರ್ರಿ ಬರ್ರಿ, ಕುಂತ್ಕಳ್ರಿ” ಎಂದು ಚಾಪೆ ಹಾಸಿಸಿದರು. ಅವರ ಹೆಂಡತಿ ಬಸಮ್ಮ ಕಾಫಿ ತಂದರು. ಆ ಮಷೀನಿನಲ್ಲಿ ನೈಟಿ, ಲಂಗ ಹೊಲಿದು ಅಂಗಡಿಗಳಿಗೆ ಕೊಡುತ್ತಿದ್ದವರು ಅವರೇ. ಕಣ್ಣಿನ ಆಪರೇಷನ್ ಆದ ಮೇಲೆ ಬಿಟ್ಟಿದ್ದರು. ನಾನು ಕ್ಯಾಲೆಂಡರ್ ನೋಡಿದೆ. ಮನೆ ಚೆನ್ನಾಗೈತೆ ಎಂದೆ. ಕಾಫಿ ಚೆನ್ನಾಗೈತೆ ಎಂದೆ. ಅಲ್ಲಿಯವರೆಗೆ ನಾನು ನಿಜವಾಗಿಯೂ ಅನುಪಮಾ ಆಗಿದ್ದೆ.

ಬಸಮ್ಮ ಮೂಲೆಗೆ ಹೋಗಿ, ಮಷೀನಿಗೆ ಹೊದಿಸಿದ್ದ ಹಳೆಯ ಸೀರೆಯನ್ನು ಎತ್ತಿದರು. ಒಂದು ಕಲೆಯಿಲ್ಲ, ತುಕ್ಕಿಲ್ಲ! ದಾರ ಪೋಣಿಸಿ ಇಟ್ಟಿದ್ದರು. “ಹೊಲಿದು ನೋಡವ್ವ” ಎಂದು ಒಂದು ಚಿಂದಿ ಕೊಟ್ಟರು. ಪೆಡಲ್ ಮೇಲೆ ಕಾಲಿಟ್ಟೆ. ಗರ್‌ ಎಂದಿತು, ಅಂಚು ಕತ್ತರಿಸಿಕೊಂಡು ಬಿತ್ತು, ಬಟ್ಟೆ ಆ ಕಡೆಯಿಂದ ಹೊರಬಂತು. ಉಗುರಿನಿಂದ ಕೆರೆದೆ. ಒಂದೆಳೆ ಏಳಲಿಲ್ಲ! ಮೇಡಂ ಮುಖ ಕಣ್ಣ ಮುಂದೆ ಬಂತು, ಇನ್ನೂರ ನಲವತ್ತು ಅಂಗಿಗಳೂ ಬಂದವು.

“ಅಯ್ಯೋ ಅಪ್ಪಾ, ಎಷ್ಟು ಚೆನ್ನಾಗೈತೆ ನೋಡು!” ಎಂದುಬಿಟ್ಟೆ. ಅಪ್ಪ ಕಾಫಿ ಲೋಟದೊಳಕ್ಕೆ ಕೆಮ್ಮಿದರು.

ನಾಗರಾಜಪ್ಪನವರ ಮುಖ ಅರಳಿತು. ಜೇಬಿನಿಂದ ಮಡಿಸಿದ ಚೀಟಿ ತೆಗೆದು ಕನ್ನಡಕ ಏರಿಸಿದರು. “ನೋಡ್ರಿ, ನಾನು ಸುಮ್ನೆ ರೇಟ್ ಹೇಳೋನಲ್ಲ. ಮಷೀನ್ ಇಪ್ಪತ್ತೊಂಬತ್ತು. ಬೆಂಗಳೂರಿಂದ ಬಾಡಿಗೆ ಒಂದೂವರೆ. ಟೇಬಲ್‌ಗೆ ಮೈಕಾ ಹಾಕ್ಸಿದ್ದು ಎರಡು. ಮೋಟಾರ್ ಸುಟ್ಟಾಗ ಕಾಯಿಲ್ ಕಟ್ಸಿದ್ದು ಎರಡು. ಪ್ಲಗ್ಗು, ಬಲ್ಬು, ವೈರು...”

“ಸುಟ್ಟ ಮೋಟಾರಿಗೂ ನಾವೇ ದುಡ್ಡು ಕೊಡಬೇಕಾ?” ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು.

“ಕಟ್ಸಿ ಸರಿ ಮಾಡಿವ್ನಲ್ಲಮ್ಮ! ಈಗ ಮೊದಲಿಗಿಂತ ಚೆನ್ನಾಗೈತೆ. ಇವಳಿಗೆ ಇದೆಲ್ಲ ತಿಳಿಯಲ್ಲ,” ಎಂದು ಹೆಂಡತಿಯ ಕಡೆ ಕೈ ತೋರಿಸಿದರು. “ಹನ್ನೆರಡು ಬಂದ್ರೆ ಕೊಟ್ಬಿಡ್ರಿ ಅಂತ ತಿಂಗಳಿಂದ ತಲೆ ತಿಂತಾಳೆ. ಹನ್ನೆರಡಂತೆ! ಇಡೀ ಬೀದಿಗೆ ಹೇಳಿವ್ನಿ ನಾನು, ಮೂವತ್ತೆಂಟಕ್ಕೆ ಒಂದು ರೂಪಾಯಿ ಕಡಿಮೆಯಾದ್ರೂ ನನ್ನ ಹೆಸರು ನಾಗರಾಜಪ್ಪ ಅಲ್ಲ ಅಂತ. ಆಮೇಲೆ ಹಳೇ ಸೀರೆ ಕವರ್ ಹೊಲಿಸಿದ್ದು, ಮುನ್ನೂರು...”

ಮುನ್ನೂರು! ಸ್ವಂತ ಹೆಂಡತಿಯ ಹಳೇ ಸೀರೆಗೆ!

“ಇಷ್ಟು ರೇಟಿಗೆ ಮಷೀನ್ ಜತೆ ನಿಮ್ಮ ಮನೇನೂ ಬರ್ತೈತಾ?” ಎಂದೆ.

ಚೀಟಿ ಅವರ ಕೈಯಲ್ಲೇ ನಿಂತಿತು. ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿದರು. ನಾನು ನಾಲಗೆ ಕಚ್ಚಿಕೊಂಡೆ, ಆದರೆ ಹೊತ್ತು ಮೀರಿತ್ತು.

“ಹೊಸದುರ್ಗದ ಶಾಂತಿ ಲೇಡೀಸ್ ಟೈಲರ್! ನೀನೇನಾ ಅವಳು?” ಅವರ ದನಿ ಬೀದಿಗೆ ಕೇಳಿಸಿತು. ಎದುರುಮನೆಯ ಮರುಳಸಿದ್ದಮ್ಮ, ಅವರ ಹಿಂದೆ ಇನ್ನೂ ಮೂರ್ನಾಲ್ಕು ಜನ ಬಾಗಿಲಿಗೆ ಬಂದರು. “ಕೊಡಲ್ಲ! ಐವತ್ತು ಕೊಟ್ರೂ ಕೊಡಲ್ಲ! ಏಳ್ರಿ, ಹೊರಡ್ರಿ!”

ನನ್ನ ಬಾಯಿಂದ, ಬರೀ ನನ್ನ ಈ ಹಾಳು ಬಾಯಿಂದ, ಆರ್ಡರು ಹೋಯಿತು. ವಿನೋದ ಆಟೋದ ಕೀ ಕೈಗೆ ತೆಗೆದುಕೊಂಡ.

ಅಪ್ಪ ಮಾತ್ರ ಏಳಲಿಲ್ಲ. ಹೆಗಲ ಮೇಲಿದ್ದ ಕೆಂಪಂಚಿನ ಟವಲನ್ನು ನಿಧಾನವಾಗಿ ತೆಗೆದು, ಒಮ್ಮೆ ಕೊಡವಿ, ಬಲಗೈ ಮೇಲೆ ಹರವಿಕೊಂಡು, ಆ ಕೈಯನ್ನು ನಾಗರಾಜಪ್ಪನವರ ಕಡೆ ನೀಡಿದರು.

“ಹುಡುಗಿ ಮಾತು ಬಿಡ್ರಿ ಯಜಮಾನ್ರೇ. ವ್ಯಾಪಾರ ನಮ್ಮಿಬ್ಬರದು.”

“ಅಯ್ಯೋ ಶಿವನೇ, ನಮ್ಮಪ್ಪನೂ ಸಂತೇಲಿ ಹಿಂಗೇ ಟವಲ್ ಹಾಕಿ ಎತ್ತು ಹಿಡೀತಿದ್ರು” ಎಂದು ಬಸಮ್ಮ ಮುಂದೆ ಬಂದು ನಿಂತರು. ನಾಗರಾಜಪ್ಪನವರು ಟವಲನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಬೀದಿಯೇ ನಿಂತಿದೆ. ಟವಲ್ ನೀಡಿದ ಹಿರಿಯನ ಕೈಯನ್ನು ಮುಟ್ಟದೆ ಕಳಿಸುವುದು ಮರ್ಯಾದೆಯಲ್ಲ. ಅಂಗಿಯ ತೋಳು ಮೇಲೇರಿಸಿ ಅವರೂ ಕೈ ಒಳಗೆ ಹಾಕಿದರು.

ಈ ಲೆಕ್ಕ ನನಗೆ ಗೊತ್ತು. ಚಿಕ್ಕಂದಿನಲ್ಲಿ ನಾನೂ ವಿನೋದನೂ ಹುಣಸೆಬೀಜ ಇಟ್ಟುಕೊಂಡು ಇದೇ ಆಟ ಆಡುತ್ತಿದ್ದೆವು. ಮೊದಲ ಹಿಡಿತ ಹತ್ತು ಸಾವಿರಗಳದ್ದು, ಎರಡನೆಯ ಹಿಡಿತ ಸಾವಿರಗಳದ್ದು. ಎದುರಿನವನ ಎಷ್ಟು ಬೆರಳು ಹಿಡಿದರೋ ಅಷ್ಟು. ಬಾಯಿಯಲ್ಲಿ ಕೂಗಿನ ರೇಟು ಏನು ಬೇಕಾದರೂ ಇರಲಿ, ಕೈಯ ರೇಟು ಮಾತ್ರ ವ್ಯಾಪಾರ ಮುಗಿದ ಮೇಲೂ ಬಾಯಿಗೆ ಬರಕೂಡದು.

ಟವಲ್ ಅಲ್ಲಾಡಿತು.

“ಛೇ ಛೇ!” ನಾಗರಾಜಪ್ಪ ಕೈ ಎಳೆದುಕೊಳ್ಳಲು ನೋಡಿದರು. ಅಪ್ಪ ಬಿಡಲಿಲ್ಲ. “ಮೂವತ್ತೆಂಟು ಅಂದಿವ್ನಿ, ಮೂವತ್ತೆಂಟೇ!”

“ಹೂಂನ್ರಿ, ನೀವು ಅಂದಿದ್ದು ಮೂವತ್ತೆಂಟೇ. ಇದನ್ನ ನೋಡ್ರಿ.”

ಮತ್ತೆ ಅಲ್ಲಾಡಿತು. ನಾಗರಾಜಪ್ಪ ಹುಬ್ಬು ಗಂಟಿಕ್ಕಿದರು. ಈ ಸಲ ಒಳಗೆ ಅವರ ಕೈ ಏನೋ ಹೇಳಿತು, ಅಪ್ಪ ತಲೆಯಾಡಿಸಿದರು. ಬಾಯಿ ಮಾತ್ರ ಬಾಗಿಲಿನ ಜನಕ್ಕೆ ಕೇಳುವಂತೆ “ಮೂವತ್ತೆಂಟು! ಒಂದು ರೂಪಾಯಿ ಬಿಡಲ್ಲ!” ಎನ್ನುತ್ತಲೇ ಇತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ವಿನೋದನ ಭುಜ ಹಿಡಿದುಕೊಂಡೆ, ಅವನೂ ತುದಿಗಾಲಲ್ಲಿ ನಿಂತಿದ್ದ. ಮರುಳಸಿದ್ದಮ್ಮ ಹೊಸ್ತಿಲು ದಾಟಿ ಒಳಗೇ ಬಂದುಬಿಟ್ಟಿದ್ದರು. ಅಪ್ಪನ ಮುಖ ನೋಡಬೇಕಿತ್ತು! ಆರು ವರ್ಷದಿಂದ ನನ್ನ ಅಂಗಡಿ ಮುಂದೆ ಹೋಗಿಬರುವ ಬಸ್ಸು ಎಣಿಸುತ್ತಾ ಕೂತ ಮುದುಕ ಇವರೇನಾ ಎನ್ನಿಸಿತು. ಕಣ್ಣು ಮಿಂಚುತ್ತಿದ್ದವು.

“ಊಹೂಂ.”

“ಹೋಗ್ಲಿ, ಇದು?”

“ಆಗಲ್ರೀ ಕಾಟಪ್ಪೋರೆ, ಆಗಲ್ಲ!”

“ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಮಾರಮ್ಮನ ಮೇಲೆ ಭಾರ ಹಾಕಿ, ಇದು.”

ಟವಲ್ ಒಮ್ಮೆ ನಿಂತಿತು. ನಾಗರಾಜಪ್ಪ ಬಾಗಿಲಿನ ಜನರನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಮೇಲೆ ಫ್ಯಾನನ್ನೂ ನೋಡಿದರು. ಆಮೇಲೆ ಟವಲ್ ಮೇಲಿನಿಂದ ಎಡಗೈಯಲ್ಲಿ ಪಟ್ ಎಂದು ತಟ್ಟಿದರು. ಮುಗಿಯಿತು!

ಅಪ್ಪ ನನ್ನ ಕಡೆ ಕೈ ಚಾಚಿದರು. ಹದಿನಾಲ್ಕು ಸಾವಿರವಿದ್ದ ಪರ್ಸನ್ನು ಕೊಟ್ಟೆ. ಇಬ್ಬರೂ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದ ಅಪ್ಪ ಪರ್ಸನ್ನು ನನ್ನ ಕೈಗೆ ಹಾಕಿದರು. ಸೆರಗಿನ ಮರೆಯಲ್ಲಿ ತೆರೆದು ನೋಡಿದೆ. ಐನೂರರ ನಾಲ್ಕು ನೋಟು ಉಳಿದಿದ್ದವು.

ಅಲ್ಲೇ ಕುಣಿದಾಡಬೇಕೆನ್ನಿಸಿತು. ಅಷ್ಟರಲ್ಲಿ ನಾಗರಾಜಪ್ಪ ಎದೆಯುಬ್ಬಿಸಿ ಬಾಗಿಲಿಗೆ ಬಂದರು. “ಮೂವತ್ತೆಂಟು ಅಂದ್ರೆ ಮೂವತ್ತೆಂಟು! ನೋಡಿದ್ರಲ್ಲ? ಏನ್ರೀ ಕಾಟಪ್ಪೋರೆ?”

“ಹೂಂನ್ರಿ” ಎಂದರು ಅಪ್ಪ, ದೊಡ್ಡ ನಿಟ್ಟುಸಿರು ಬಿಟ್ಟು. “ಒಂದು ರೂಪಾಯಿ ಬಿಡಲಿಲ್ಲ ಮಾರಾಯ್ರು.”

ಎಲ್ಲರ ಕಣ್ಣೂ ನನ್ನ ಮೇಲೆ. “ಪಾಪ, ಹೊಸದೇ ಇಪ್ಪತ್ತೇಳಂತೆ” ಎಂದರು ಮರುಳಸಿದ್ದಮ್ಮ. ನನ್ನ ಕಿವಿ ಕಾದುಹೋಯಿತು. ಯಾರೂ ಮೋಸ ಮಾಡಲಾಗದ ದಲ್ಲಾಳಿ ಕಾಟಪ್ಪನ ಮಗಳು, ನಾನು, ಪೆದ್ದಿಯಂತೆ ನಿಂತಿದ್ದೇನೆ! ಬಾಯಿ ತೆರೆದೆ. ಅಪ್ಪನ ಹಿಮ್ಮಡಿ ನನ್ನ ಕಾಲ್ಬೆರಳ ಮೇಲೆ ಬಂದು ಕೂತಿತು. ಬಾಯಿ ಮುಚ್ಚಿದೆ. ಹುಟ್ಟಿದ ಮೇಲೆ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

ವಿನೋದನೂ ಬೀದಿಯವರೂ ಮಷೀನನ್ನು ಆಟೋಗೆ ಏರಿಸುವಾಗ ಬಸಮ್ಮ ನನ್ನನ್ನು ಕುಂಕುಮಕ್ಕೆಂದು ಅಡುಗೆಮನೆಗೆ ಕರೆದರು. ಕುಂಕುಮ ಇಟ್ಟರು, ನಾಲ್ಕು ಕೋನ್ ದಾರ ಚೀಲಕ್ಕೆ ಹಾಕಿದರು, ಸೂಜಿಯ ಡಬ್ಬಿ ಹಾಕಿದರು. ಆಮೇಲೆ ಹಿಂದೆ ಮುಂದೆ ನೋಡಿ, ಇನ್ನೊಂದು ಕೋನಿನ ಟೊಳ್ಳಿನೊಳಗಿಂದ ಸುತ್ತಿದ ನೋಟು ಎಳೆದು, ಸೆರಗಿನ ಅಡಿಯಲ್ಲಿ ನನ್ನ ಕೈಗೆ ತುರುಕಿದರು.

“ಐದು ಸಾವಿರ ಐತೆ. ನಾನು ಹೊಲಿದು ಉಳಿಸಿದ್ದು, ಅವರಿಗೆ ಗೊತ್ತಿಲ್ಲ. ನಮ್ಮೆಜಮಾನ್ರು ನಿನ್ನ ಸುಲಿದುಬಿಟ್ರು ತಾಯಿ. ಹೊಲಿದು ತಿನ್ನೋರ ದುಡ್ಡು, ನನ್ನ ಮಷೀನ್ ಹೆಸರಲ್ಲಿ ಹಂಗೆ ಬರಬಾರದು. ಇನ್ನು ರಾತ್ರಿ ನಂಗೆ ನಿದ್ದೆ ಬರಲ್ಲ.” ಅವರ ಕಣ್ಣು ತುಂಬಿದ್ದವು.

ದುಡ್ಡು ಇಟ್ಟುಕೊಳ್ಳುವುದೆಂದರೆ ಕಳ್ಳತನ. ವಾಪಸು ಕೊಟ್ಟು ನಿಜ ಹೇಳಿದರೆ ಅಪ್ಪನ ನಲವತ್ತು ವರ್ಷದ ಮಾತು ನನ್ನ ಬಾಯಿಂದಲೇ ಮುರಿಯುತ್ತದೆ. ಇವತ್ತು ಈ ಬಾಯಿ ಮಾಡಿದ ಹಾಳೇ ಸಾಕಾಗಿತ್ತು. ಬಾಯಿಂದ ತಾನೇ ಹೇಳಬಾರದು?

ನೋಟಿನ ಸುರುಳಿಯನ್ನು ಅವರ ಅಂಗೈಗೆ ವಾಪಸಿಟ್ಟೆ. ಆ ಕೈಯನ್ನು ಸೆರಗಿನ ಕೆಳಗೇ ಬಿಗಿಯಾಗಿ ಹಿಡಿದು, ಅವರ ಒಂದು ಬೆರಳನ್ನು ಒತ್ತಿದೆ. ಬಿಟ್ಟೆ. ಆಮೇಲೆ ಎರಡು ಬೆರಳನ್ನು ಒತ್ತಿದೆ.

ಬಸಮ್ಮ ನನ್ನ ಮುಖ ನೋಡಿದರು. ಒಂದು. ಎರಡು. ಎತ್ತು ಹಿಡಿಯುತ್ತಿದ್ದವರ ಮಗಳು ಅಲ್ಲವೇ, ಗೊತ್ತಾಗಲು ಒಂದು ಗಳಿಗೆ ಸಾಕಾಯಿತು. ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿಬಿಟ್ಟರು. ಭುಜ ಕುಲುಕುತ್ತಿದ್ದವು, ಕಣ್ಣಲ್ಲಿ ನೀರು, ದನಿಯೇ ಇಲ್ಲದ ನಗು. “ನಾನು ಹೇಳಿದ್ದೇ!” ಎಂದರು ಪಿಸುಮಾತಿನಲ್ಲಿ. “ತಿಂಗಳಿಂದ ನಾನು ಹೇಳಿದ್ದೇ ಕಣವ್ವ ಅದು!” ನನಗೂ ತಡೆಯಲಾಗಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮುಖ ಒರೆಸಿಕೊಂಡು ಅವರು ನನ್ನ ಮುಂದೆಯೇ ಹೊರಗೆ ಹೋದರು. “ಮೂವತ್ತೆಂಟಕ್ಕೇ ಹೋಯ್ತು ಕಣ್ರವ್ವ!” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. “ನಮ್ಮೆಜಮಾನ್ರು ಅಂದ್ರೆ ಅಂದಂಗೆ!” ನಾಗರಾಜಪ್ಪನವರು ಹೆಂಡತಿಯನ್ನು ಅಚ್ಚರಿಯಿಂದ ನೋಡಿ, ಮೀಸೆ ಸವರಿಕೊಂಡರು.

ಭಾನುವಾರ ಇಡೀ ದಿನ ಹೊಲಿದೆ. ಸೋಮವಾರ ಹೊಳಲ್ಕೆರೆಯಲ್ಲಿ ಮೇಡಂ ಅಂಚನ್ನು ಕೆರೆದರು, ಎಳೆದರು, ಸ್ಟೇಪ್ಲರ್ ತುದಿಯಿಂದಲೂ ಎಬ್ಬಿಸಿ ನೋಡಿದರು. ಏಳಲಿಲ್ಲ. ಇನ್ನೂರ ನಲವತ್ತೂ ನನಗೇ! ಸ್ಕೂಲಿನ ಗೇಟಿನಿಂದಲೇ ಅಪ್ಪನಿಗೆ ಫೋನ್ ಮಾಡಿ ಕಿರುಚಿದೆ.

ಹೊಸದುರ್ಗದಲ್ಲಿ ಈಗ ನನ್ನ ಹೆಸರು ಮೂವತ್ತೆಂಟು ಸಾವಿರದ ಶಾಂತಿ. ಬೇಕೆಂದೇ ಅಂಗಡಿಗೆ ಬಂದು ಕನಿಕರ ತೋರಿಸಿ ಹೋಗುತ್ತಾರೆ. ಆ ಚಿತ್ರದುರ್ಗದವನಂತೂ, ಹಿರಿಯೂರಿನದು ಮೂವತ್ತೆಂಟಕ್ಕೆ ಹೋಯಿತಂತೆ ಎಂದು, ಒಣಹೂವಿನ ಮಷೀನನ್ನು ನಲವತ್ತೆರಡಕ್ಕೆ ಏರಿಸಿದ್ದಾನೆ. ನೋಡಿದಾಗೆಲ್ಲ ಮೈ ಉರಿಯುತ್ತದೆ. ಸ್ಟೂಲಿನ ಮೇಲಿಂದ ಅಪ್ಪ ತಿರುಗಿ ನೋಡುತ್ತಾರೆ. ಸುಮ್ಮನಾಗುತ್ತೇನೆ.

ಮೊನ್ನೆ ಬೆಳಿಗ್ಗೆ ಮನೆಯಲ್ಲಿ ಫೋನ್ ಟಿಂಗ್ ಎಂದಿತು. ನಾಗರಾಜಪ್ಪನವರು ಬ್ಲಾಕ್ ತೆಗೆದಿದ್ದರು. ತುಕ್ಕು ಹಿಡಿದ ಒಂದು ಫ್ರಿಜ್ಜಿನ ಫೋಟೋ. ಕೆಳಗಿನ ಬರಹವನ್ನು ಅಪ್ಪನಿಗೆ ಕೇಳುವಂತೆ ಓದಿದೆ: ‘ನಲವತ್ತೈದು ಸಾವಿರ. ಫಿಕ್ಸೆಡ್. ನಿಮ್ಮ ತಂದೆಯವರು ಟವಲ್ ತಗೊಂಡು ಬರಲಿ.’

“ಅಪ್ಪಾ, ನಮಗೆ ಫ್ರಿಜ್ ಯಾಕೆ?” ಎಂದು ಕೇಳುತ್ತಾ ಹಿತ್ತಲಿಗೆ ಹೋದೆ. ಅಪ್ಪ ಆಗಲೇ ಟವಲ್ ಒಗೆದು ತಂತಿಗೆ ಹಾಕುತ್ತಿದ್ದರು.